ಸಂಪಾದಕರ ಉತ್ತರ: ಗುಡಿಯ ಗಂಟೆಯ ಲೋಹ, ನಾದ ಮತ್ತು ಅರ್ಥ

ಮಾನ್ಯರೇ, ನಮಸ್ಕಾರ.

ನಿಮ್ಮೂರಿನ ಈಶ್ವರ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯ ಪರವಾಗಿ ನೀವು ಬರೆದ ಪತ್ರ ತಲುಪಿದೆ. ನವರಂಗದ ಹಳೆಯ ಗಂಟೆಯ ದನಿ ಕೆಟ್ಟಿದೆ, 50 ಕಿಲೋದ ಹೊಸ ಗಂಟೆ ಮಾಡಿಸಬೇಕೆಂದಿದ್ದೀರಿ. ವ್ಯಾಪಾರಿಯೊಬ್ಬರು ‘ಏಳು ಲೋಹದ ಗಂಟೆ, ಏಳು ಸೆಕೆಂಡಿನ ನಾದ, ಏಳು ಚಕ್ರಗಳ ಜಾಗೃತಿ’ ಎಂದು ದುಪ್ಪಟ್ಟು ಬೆಲೆ ಹೇಳಿದ್ದಾರೆ, ವಾಟ್ಸ್‌ಆ್ಯಪ್‌ನಲ್ಲೂ ಅದೇ ಮಾತು ಓಡಾಡುತ್ತಿದೆ, ನಂಬಬಹುದೇ ಎಂದು ಕೇಳಿದ್ದೀರಿ. ಊರಿನ ಯುವಕರು ಮೋಟಾರಿನ ಗಂಟೆ-ನಗಾರಿ ಯಂತ್ರಕ್ಕೆ ಚಂದಾ ಎತ್ತಿರುವುದು ಸರಿಯೇ, ದರ್ಶನ ಮುಗಿಸಿ ಹೊರಡುವಾಗ ಗಂಟೆ ಹೊಡೆಯಬಾರದೆಂದು ನಿಮ್ಮ ತಾಯಿಯವರು ಹೇಳುವುದು ಏಕೆ ಎಂದೂ ಕೇಳಿದ್ದೀರಿ. ಇಂಥ ಪತ್ರಗಳು ಬೇರೆ ಊರುಗಳಿಂದಲೂ ಬರುತ್ತಿರುವುದರಿಂದ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇವೆ.

ದುಡ್ಡಿನ ವಿಷಯ ಮೊದಲು ಮುಗಿಸೋಣ. ಏಳು ಲೋಹದ ಮಾತನ್ನು ನಂಬಿ ಸಮಿತಿಯ ಹಣ ಕೊಡಬೇಡಿ. ಆ ಸಂದೇಶದ ಪಟ್ಟಿಯಲ್ಲಿ ತಾಮ್ರ, ಸತು, ಸೀಸದ ಜೊತೆಗೆ ಕ್ಯಾಡ್ಮಿಯಂ, ನಿಕ್ಕಲ್, ಕ್ರೋಮಿಯಂ, ಮ್ಯಾಂಗನೀಸ್ ಇವೆ. ನಿಕ್ಕಲ್ ಅನ್ನು ಬೇರೆಯೇ ಲೋಹವೆಂದು ಗುರುತಿಸಿದ್ದು 1751ರಲ್ಲಿ, ಮ್ಯಾಂಗನೀಸನ್ನು ಬೇರ್ಪಡಿಸಿದ್ದು 1774ರಲ್ಲಿ, ಕ್ಯಾಡ್ಮಿಯಂ ಸಿಕ್ಕಿದ್ದು 1817ರಲ್ಲಿ. ನಮ್ಮ ಗುಡಿಗಳಲ್ಲಿ ಗಂಟೆ ಮೊಳಗುತ್ತಿರುವುದು ಅದಕ್ಕಿಂತ ಎಷ್ಟೋ ಶತಮಾನ ಮೊದಲಿನಿಂದ. ಎರಕದ ದೃಷ್ಟಿಯಿಂದಲೂ ಈ ಪಟ್ಟಿ ನಿಲ್ಲುವುದಿಲ್ಲ. ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕ್ಯಾಡ್ಮಿಯಂ 767 ಡಿಗ್ರಿಗೇ ಕುದಿದು ಹೊಗೆಯಾಗಿ ಹೋಗುತ್ತದೆ. ಆ ಹೊಗೆ ಕುಲುಮೆಯ ಮುಂದೆ ನಿಂತವರ ಶ್ವಾಸಕೋಶಕ್ಕೆ ವಿಷ. ಕ್ರೋಮಿಯಂ ಕರಗಬೇಕಾದರೆ 1907 ಡಿಗ್ರಿ ಬೇಕು, ಕಂಚುಗಾರರ ಕುಲುಮೆಯಲ್ಲಿ ಅಷ್ಟು ಕಾವು ಹುಟ್ಟುವುದಿಲ್ಲ.

ಒಳ್ಳೆಯ ಗಂಟೆಗೆ ಬೇಕಾದದ್ದು ಎರಡೇ ಲೋಹ, ತಾಮ್ರ ಮತ್ತು ತವರ. ನೂರಕ್ಕೆ 78 ಪಾಲು ತಾಮ್ರ, 22 ಪಾಲು ತವರ ಸೇರಿದರೆ ಗಂಟೆಗೆ ತಕ್ಕ ಕಂಚು. ನಿಮ್ಮ 50 ಕಿಲೋದ ಗಂಟೆಗೆ 39 ಕಿಲೋ ತಾಮ್ರ, 11 ಕಿಲೋ ತವರ. ತವರ 15 ಪಾಲಿಗಿಂತ ಕೆಳಗಿಳಿದರೆ ದನಿ ಮಂಕು, 25 ದಾಟಿದರೆ ಗಂಟೆ ಗಾಜಿನಂತೆ ಬಿರುಸಾಗಿ ಒಂದು ದಿನ ಸೀಳುತ್ತದೆ. ತವರ ದುಬಾರಿ, ಹಾಗಾಗಿ ಮೋಸ ನಡೆಯುವುದೂ ಅಲ್ಲಿಯೇ: ತವರ ಕಡಿಮೆ ಮಾಡಿ ಸೀಸವನ್ನೋ ಸತುವನ್ನೋ ತುಂಬುತ್ತಾರೆ. ಸೀಸ ನಾದವನ್ನು ನುಂಗುತ್ತದೆ. ಸತು ಸೇರಿದರೆ ಅದು ಹಿತ್ತಾಳೆ: ಹಳದಿ ಹೊಳಪು ಹೆಚ್ಚು, ದನಿಯ ಬಾಳಿಕೆ ಕಡಿಮೆ. ಎರಕದ ದಿನ ಭಕ್ತರು ಚಿನ್ನ-ಬೆಳ್ಳಿಯ ಚೂರು ಹಾಕುವ ಪದ್ಧತಿ ಇದ್ದರೆ ಹಾಕಲಿ, ಅದು ಸಮರ್ಪಣೆ. ಒಂದೆರಡು ಗ್ರಾಮಿನಿಂದ ನಾದ ಕೆಡುವುದಿಲ್ಲ, ಇನಿದಾಗುವುದೂ ಇಲ್ಲ.

ಏಳು ಸೆಕೆಂಡಿನ ಮಾತೂ ಹೀಗೆಯೇ. ನಾದ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಗಂಟೆಯ ಗಾತ್ರ, ತುಟಿಯ (ಬಾಯಿಯ ಸುತ್ತಿನ ಭಾಗದ) ದಪ್ಪ, ತವರದ ಪಾಲು, ತೂಗುಹಾಕಿದ ಬಗೆ ಇವುಗಳ ಮೇಲೆ ನಿಂತಿದೆ. ಕೈಗಂಟೆ ಬೇಗ ಸುಮ್ಮನಾಗುತ್ತದೆ, ತೊಲೆಗೆ ತೂಗುಬಿಟ್ಟ ದೊಡ್ಡ ಕಂಚಿನ ಗಂಟೆಯ ಗುಂಯ್‌ಗಾರ ಅರ್ಧ ನಿಮಿಷಕ್ಕೂ ಎಳೆಯಬಲ್ಲದು. ಚಕ್ರದ ಮಾತಿಗೆ ಮಾತ್ರ ದೂರದ ಒಂದು ಮೂಲವಿದೆ. ಹಠಯೋಗ ಪ್ರದೀಪಿಕೆ ಎಂಬ ಯೋಗಗ್ರಂಥದ ನಾಲ್ಕನೆಯ ಉಪದೇಶದಲ್ಲಿ ನಾದಾನುಸಂಧಾನದ, ಅಂದರೆ ಒಳಗಿನ ನಾದದಲ್ಲಿ ಮನಸ್ಸು ನಿಲ್ಲಿಸುವ ಸಾಧನೆಯ ವಿವರ ಬರುತ್ತದೆ. ಸಾಧಕನಿಗೆ ಒಳಗೆ ಮೊದಲು ಕಡಲಿನ, ಮೋಡದ, ಭೇರಿಯ ದನಿ, ನಡುವೆ ಮದ್ದಳೆ, ಶಂಖ, ಗಂಟೆಯ ದನಿ, ಕೊನೆಗೆ ಕಿರುಗೆಜ್ಜೆ, ಕೊಳಲು, ವೀಣೆ, ದುಂಬಿಯ ದನಿ ಕೇಳುತ್ತದೆ ಎಂದು ಅಲ್ಲಿದೆ. ಅದು ವರ್ಷಗಟ್ಟಲೆ ಅಭ್ಯಾಸ ಮಾಡಿದವರ ಒಳಗಿವಿಗೆ ಸಂಬಂಧಿಸಿದ್ದು. ಹೊರಗಿನ ಗಂಟೆ ಬಡಿದರೆ ಚಕ್ರ ತೆರೆಯುತ್ತದೆ ಎಂದು ಅಲ್ಲಿ ಹೇಳಿಲ್ಲ.

ಹಾಗಾದರೆ ಗಂಟೆಯ ಅರ್ಥವೇನು? ಮನೆಯಲ್ಲಿ ಪೂಜೆ ಮಾಡುವ ಯಾರಿಗೂ ಗೊತ್ತಿರುವ ಶ್ಲೋಕದಲ್ಲೇ ಅದು ಇದೆ:

ಆಗಮಾರ್ಥಂ ತು ದೇವಾನಾಂ ಗಮನಾರ್ಥಂ ತು ರಕ್ಷಸಾಮ್ ।
ಕುರು ಘಂಟಾರವಂ ತತ್ರ ದೇವತಾಹ್ವಾನಲಾಂಛನಮ್ ॥

ದೇವತೆಗಳು ಬರಲೆಂದು, ರಾಕ್ಷಸರು ತೊಲಗಲೆಂದು, ದೇವತೆಯನ್ನು ಕರೆದ ಗುರುತಾಗಿ ಗಂಟೆಯ ದನಿ ಮಾಡು ಎಂದು ಇದರ ಭಾವ. ಗಂಟೆ ಒಂದು ಕರೆ. ದೀಪ ಬೆಳಗಿ, ಗಂಟೆಗೆ ಗಂಧಾಕ್ಷತೆ ಏರಿಸಿ ಪೂಜಿಸಿದ ಮೇಲೆಯೇ ಅದನ್ನು ಬಾರಿಸುವುದು. ಕರೆಯುವ ಸಾಧನಕ್ಕೂ ಮೊದಲು ಮರ್ಯಾದೆ ಸಲ್ಲಬೇಕು.

ದೇವೀಮಾಹಾತ್ಮ್ಯದ ಹನ್ನೊಂದನೆಯ ಅಧ್ಯಾಯದಲ್ಲಿ ದೇವತೆಗಳು ದೇವಿಯ ಕೈಯ ಗಂಟೆಯನ್ನೇ ಪ್ರಾರ್ಥಿಸುತ್ತಾರೆ: ತನ್ನ ದನಿಯಿಂದ ಜಗತ್ತನ್ನು ತುಂಬಿ ದೈತ್ಯರ ತೇಜಸ್ಸನ್ನು ಕುಂದಿಸುವ ಆ ಗಂಟೆ, ತಾಯಿ ಮಕ್ಕಳನ್ನು ಕಾಯುವಂತೆ ನಮ್ಮನ್ನು ಪಾಪಗಳಿಂದ ಕಾಯಲಿ, ‘ಸಾ ಘಂಟಾ ಪಾತು ನೋ ದೇವಿ’. ಅಸುರರನ್ನು ನಡುಗಿಸುವ ದನಿಯೇ ಮಕ್ಕಳಿಗೆ ರಕ್ಷೆ. ಗುಡಿಯ ಬಾಗಿಲಲ್ಲಿ ನಿಂತು ಗಂಟೆ ಬಾರಿಸುವವರು ಓಡಿಸಬೇಕಾದ ರಾಕ್ಷಸರು ಯಾರೆಂದು ಬೇರೆ ಹೇಳಬೇಕಿಲ್ಲ. ಮನೆಯ ಜಗಳ, ಸಾಲದ ಲೆಕ್ಕ, ಪಕ್ಕದವರ ಮೇಲಿನ ಸಿಟ್ಟು ಎಲ್ಲವೂ ಚಪ್ಪಲಿಯ ಜೊತೆ ಹೊರಗೆ ಉಳಿಯುವುದಿಲ್ಲ, ತಲೆಯೊಳಗೆ ಕೂತು ನವರಂಗದವರೆಗೂ ಬರುತ್ತವೆ.

ಇನ್ನೊಂದು ಅರ್ಥ ಸೇವೆಯದು. ಪೂಜಾಗ್ರಂಥಗಳು ಗಂಟೆಯನ್ನು ‘ಸರ್ವವಾದ್ಯಮಯೀ’ ಎನ್ನುತ್ತವೆ. ಎಲ್ಲ ವಾದ್ಯಗಳೂ ಅದರಲ್ಲಿ ಅಡಗಿವೆ, ಗೀತ-ವಾದ್ಯಗಳ ಸೇವೆ ನಡೆಸುವ ಶಕ್ತಿ ಇಲ್ಲದವನಿಗೆ ಗಂಟೆಯೊಂದೇ ಸಾಕು ಎಂಬುದು ಆ ಮಾತಿನ ತಾತ್ಪರ್ಯ. ನಾಗಸ್ವರ, ಡೋಲು ಇಟ್ಟುಕೊಳ್ಳಲಾಗದ ಚಿಕ್ಕ ಊರಿನ ಗುಡಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆ ಯಾವುದಿದೆ!

ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಆಳವಾದದ್ದು ಧ್ಯಾನಬಿಂದು ಉಪನಿಷತ್ತಿನ ಮಾತು. ಪ್ರಣವವನ್ನು ಅದು ‘ತೈಲಧಾರಾಮಿವಾಚ್ಛಿನ್ನಂ ದೀರ್ಘಘಂಟಾನಿನಾದವತ್’ ಎಂದು ವರ್ಣಿಸುತ್ತದೆ. ಓಂಕಾರವು ಎಣ್ಣೆಯ ಧಾರೆಯಂತೆ ಕಡಿಯದೆ, ಗಂಟೆಯ ದೀರ್ಘ ನಾದದಂತೆ ಸಾಗುತ್ತದೆ. ಆ ಪ್ರಣವದ ತುದಿ ಮಾತಿಗೆ ಸಿಗದ್ದು, ಅದನ್ನು ತಿಳಿದವನೇ ವೇದವನ್ನು ತಿಳಿದವನು. ಇಲ್ಲಿ ಉಪನಿಷತ್ತು ಹಿಡಿದಿರುವುದು ಗಂಟೆಯ ಪೆಟ್ಟನ್ನಲ್ಲ, ಪೆಟ್ಟಿನ ನಂತರ ಕ್ಷೀಣಿಸುತ್ತ ಹೋಗುವ ದನಿಯನ್ನು. ಕಿವಿ ಆ ದನಿಯ ಬೆನ್ನು ಹತ್ತಿದರೆ ಮನಸ್ಸೂ ಹತ್ತುತ್ತದೆ. ದನಿ ನಿಂತಿತೋ ಇನ್ನೂ ಇದೆಯೋ ಎಂದು ಗೊತ್ತಾಗದ ಆ ಒಂದು ಗಳಿಗೆಯಲ್ಲಿ ಬೇರೆ ಯೋಚನೆಗೆ ಜಾಗವಿರುವುದಿಲ್ಲ. ಗರ್ಭಗುಡಿಯ ಕಡೆ ಕಣ್ಣೆತ್ತಬೇಕಾದದ್ದು ಆಗ. ಹಾಗಾಗಿ ಗಂಟೆಯನ್ನು ಒಮ್ಮೆ ಬಾರಿಸಬೇಕು, ಪೂರ್ತಿ ಕೇಳಬೇಕು. ಈ ಪತ್ರದಲ್ಲಿ ನಾವು ಹೇಳಬೇಕೆಂದಿರುವ ಮುಖ್ಯ ಸಂಗತಿ ಇದೇ.

ಈಗ ಗುಡಿಗಳಲ್ಲಿ ಕಾಣುವುದು ಇದರ ತದ್ವಿರುದ್ಧ. ಸಾಲಿನಲ್ಲಿ ಬಂದವರು ಒಬ್ಬರ ಹಿಂದೊಬ್ಬರು ಟಣಟಣ ಎಂದು ನಾಲ್ಕೈದು ಸಲ ಬಡಿಯುತ್ತಾರೆ. ಮೊದಲ ಪೆಟ್ಟಿನ ನಾದ ಅರಳುವ ಮೊದಲೇ ಎರಡನೆಯ ಪೆಟ್ಟು ಅದನ್ನು ಕೊಲ್ಲುತ್ತದೆ, ಉಳಿಯುವುದು ಲೋಹದ ಸದ್ದು ಮಾತ್ರ. ಹರಿವಂಶದ ಘಂಟಾಕರ್ಣನೆಂಬ ಪಿಶಾಚ ವಿಷ್ಣುವಿನ ಹೆಸರು ಕಿವಿಗೆ ಬೀಳದಿರಲೆಂದು ಎರಡೂ ಕಿವಿಗೆ ಗಂಟೆ ಕಟ್ಟಿಕೊಂಡು ಅಲ್ಲಾಡಿಸುತ್ತಿದ್ದನಂತೆ. ಕೊನೆಗೆ ಕೃಷ್ಣನೇ ಅವನನ್ನು ಉದ್ಧರಿಸಿದ, ಇಂದು ಬದರಿಯಲ್ಲಿ ಅವನು ಕ್ಷೇತ್ರಪಾಲ. ಎಡೆಬಿಡದೆ ಬಡಿಯುವ ಗಂಟೆ ದೇವರ ಹೆಸರನ್ನೇ ಮುಚ್ಚಿಹಾಕಬಲ್ಲದು ಎಂಬುದು ಪುರಾಣಕ್ಕೂ ಗೊತ್ತಿತ್ತು.

ಪೂಜೆಯ ವೇಳೆಯ ಗಂಟೆಯದು ಬೇರೆ ಕ್ರಮ. ಅದು ಅರ್ಚಕರ ಎಡಗೈಯದು, ಬಲಗೈ ಉಪಚಾರಕ್ಕೆ. ಅಭಿಷೇಕ, ಧೂಪ, ದೀಪ, ನೈವೇದ್ಯ, ನೀರಾಜನ ಇವು ಗಂಟೆಯ ಸಮಯಗಳು. ಮಣಿಕಟ್ಟಿನಿಂದ ಹದವಾಗಿ ಆಡಿಸಿದರೆ ಗಂಟೆಯೊಳಗೆ ತೂಗುವ ನಾಲಿಗೆ ಎರಡೂ ಕಡೆ ಸಮವಾಗಿ ತಾಗುತ್ತದೆ. ತೋಳಿನಿಂದ ಬೀಸಿದರೆ ಒಂದೇ ಕಡೆ ಬಲವಾಗಿ ಬಡಿದು ದನಿ ಕುಂಟುತ್ತದೆ. ಉಳಿದ ಹೊತ್ತು ಗಂಟೆಯನ್ನು ಪೂಜಿಸುವವರ ಎಡಕ್ಕೆ ತಟ್ಟೆಯ ಮೇಲೆ ನೆಟ್ಟಗೆ ಇಡಬೇಕು, ನೆಲಕ್ಕೆ ತಾಗಿಸಬಾರದು, ಮಗ್ಗುಲಾಗಿ ಉರುಳಿಸಬಾರದು. ವೈಷ್ಣವರ ಮನೆಯ ಗಂಟೆಯ ಹಿಡಿಯಲ್ಲಿ ಗರುಡ-ಹನುಮರೂ ಶೈವರದರಲ್ಲಿ ನಂದಿಯೂ ಇರುತ್ತಾರೆ. ಶ್ರಾದ್ಧದ ದಿನ ಪಿತೃಕಾರ್ಯ ಮುಗಿಯುವವರೆಗೆ ರಂಗೋಲಿ ಇಡದಂತೆಯೇ ಗಂಟೆಯನ್ನೂ ಬಾರಿಸದ ಸಂಪ್ರದಾಯ ಎಷ್ಟೋ ಮನೆಗಳಲ್ಲಿದೆ. ಅಂದು ಕರೆಯುವುದು ಪಿತೃಗಳನ್ನು.

ಗಂಟೆ ಯಾರದು ಎಂಬುದೂ ಎಲ್ಲ ಕಡೆ ಒಂದೇ ಅಲ್ಲ. ತುಳುನಾಡಿನ ದೈವಸ್ಥಾನಗಳಲ್ಲಿ ಮಣಿ ಎಂದರೆ ದೈವದ ಕೈಯ ಗಂಟೆ, ಕಡ್ಸಲೆ ಎಂಬ ಖಡ್ಗದಂತೆ ಅದೂ ದೈವದ ಆಯುಧಗಳ ಸಾಲಿನದು, ನೋಡಲು ಬಂದವರು ಮುಟ್ಟುವುದಿಲ್ಲ. ಯಲ್ಲಾಪುರ ತಾಲ್ಲೂಕಿನ ಚಂದಗುಳಿಯ ಘಂಟೆ ಗಣಪತಿಯಲ್ಲಿ ಗಂಟೆಯೇ ಹರಕೆ. ಇಷ್ಟಾರ್ಥ ಕೈಗೂಡಿದವರು ತಂದು ಕಟ್ಟುತ್ತಾರೆ. ತಿರುಮಲೆಯ ಗರ್ಭಗುಡಿಯಲ್ಲಂತೂ ಪೂಜೆಗೆ ಕೈಗಂಟೆಯನ್ನೇ ಬಳಸುವುದಿಲ್ಲ. ಶ್ರೀನಿವಾಸನ ಗಂಟೆಯೇ 1268ರಲ್ಲಿ ಕಂಚಿಯ ಬಳಿಯ ತೂಪ್ಪುಲ್‌ನಲ್ಲಿ ವೇದಾಂತ ದೇಶಿಕರಾಗಿ ಹುಟ್ಟಿತು ಎಂಬುದು ಶ್ರೀವೈಷ್ಣವರ ನಂಬಿಕೆ. ನೈವೇದ್ಯದ ಹೊತ್ತಿಗೆ ಹೊರಗಿನ ತಿರುಮಾಮಣಿ ಮಂಟಪದ ದೊಡ್ಡ ಗಂಟೆಗಳು ಮೊಳಗುತ್ತವೆ. ಶ್ರೀರಂಗ ದಾಳಿಗೆ ಸಿಕ್ಕಾಗ ಅದೇ ದೇಶಿಕರು ಕೊಳ್ಳೇಗಾಲದ ಬಳಿಯ ಸತ್ಯಾಗಾಲಕ್ಕೆ ಬಂದು ನೆಲೆಸಿದ್ದರು. ಒಬ್ಬ ಆಚಾರ್ಯರ ವಾಣಿಯನ್ನು ದೇವರ ಗಂಟೆಯೆಂದು ಕಂಡದ್ದು ಎಷ್ಟು ಉಚಿತ! ಭಕ್ತರನ್ನು ದೇವರ ಕಡೆ ಕರೆಯುವುದೇ ಇಬ್ಬರ ಕೆಲಸವೂ.

ನಿಮ್ಮ ತಾಯಿಯವರ ಮಾತು ಸರಿಯಾಗಿದೆ. ಗಂಟೆ ಆಹ್ವಾನದ, ‘ಬಂದಿದ್ದೇನೆ’ ಎಂಬ ಅರಿಕೆಯ ಗುರುತಾದ ಮೇಲೆ, ಹೊರಡುವಾಗ ಅದಕ್ಕೆ ಕೆಲಸವಿಲ್ಲ. ದರ್ಶನ ಮುಗಿಸಿ ಎರಡು ನಿಮಿಷ ಕೂತು ಹೋಗುವುದು ನಮ್ಮ ರೂಢಿ. ಹಾಗೆ ಕೂತವರ ತಲೆಯ ಮೇಲೆ ಹೊರಡುವವರ ಗಂಟೆ ಮೊಳಗಿದರೆ ಅವರ ಮೌನ ಕದಡುತ್ತದೆ. ಬಾಗಿಲು ಹಾಕಿರುವಾಗ, ನೈವೇದ್ಯದ ತೆರೆ ಎಳೆದಿರುವಾಗ, ರಾತ್ರಿ ಶಯನಸೇವೆ ಆದ ಮೇಲೆ ನವರಂಗದ ಗಂಟೆಯನ್ನು ಭಕ್ತರು ಮುಟ್ಟಬಾರದು. ಹೊರಡುವ ಹೊತ್ತೂ ಸೇರಿ ಈ ನಾಲ್ಕು ಸಂದರ್ಭಗಳನ್ನು ಕಂಬದ ಮೇಲೆ ಬರೆಸಿ, ‘ಒಮ್ಮೆ ಬಾರಿಸಿ’ ಎಂಬುದನ್ನೂ ಸೇರಿಸಿ.

ಯಂತ್ರದ ವಿಷಯದಲ್ಲಿ ನಮ್ಮ ಅಭಿಪ್ರಾಯ ನೇರವಾಗಿದೆ: ಬೇಡ. ಮೋಟಾರು ತಿರುಗಿದಂತೆ ಸುತ್ತಿಗೆಗಳು ಎದ್ದು ಬಿದ್ದು ಗಂಟೆ, ಜಾಗಟೆ, ನಗಾರಿ ಮೂರನ್ನೂ ಒಂದೇ ವೇಗದಲ್ಲಿ ಬಡಿಯುತ್ತವೆ. ಅರ್ಚಕರ ಮಂತ್ರ ಕೇಳಿಸುವುದಿಲ್ಲ, ನಾದದ ಬಾಲ ಎಂಬುದೇ ಇರುವುದಿಲ್ಲ. ಜನ ಬರುತ್ತಿಲ್ಲವೆಂದು ಯಂತ್ರ ತರುತ್ತಾರೆ, ಯಂತ್ರ ಬಂದ ಮೇಲೆ ಜಾಗಟೆಗೆಂದು ಓಡಿ ಬರುತ್ತಿದ್ದ ನಾಲ್ಕು ಮಕ್ಕಳೂ ಬರುವುದನ್ನು ಬಿಡುತ್ತಾರೆ. ಜಾಗಟೆ ಹಿಡಿಯುವುದು ಮಗುವೊಂದಕ್ಕೆ ದೇವರ ಮುಂದೆ ಸಿಗುವ ಮೊದಲ ಕೈಂಕರ್ಯ, ಅದನ್ನು ಮೋಟಾರಿಗೆ ಕೊಡಬಾರದು. ಚಂದಾ ಹಣದಲ್ಲಿ ಎರಡು ಜಾಗಟೆ, ಎರಡು ಜೊತೆ ತಾಳ, ಒಂದು ಶಂಖ ಕೊಂಡು ಸಂಜೆಯ ಮಂಗಳಾರತಿಗೆ ಮಕ್ಕಳ ಸರದಿ ಗೊತ್ತುಮಾಡಿ. ಯುವಕರೇ ಕಲಿಸಲಿ. ಆದರೂ ಯಂತ್ರ ಬಂದೇ ಬರುತ್ತದೆ ಎಂದಾದರೆ ಮಹಾಮಂಗಳಾರತಿಯ ಹೊತ್ತಿಗಷ್ಟೇ ನಡೆಸಿ, ಅರ್ಚಕರ ಕೈಗಂಟೆಯನ್ನು ನಿಲ್ಲಿಸಬೇಡಿ, ನವರಂಗದ ಗಂಟೆಗೆ ಸುತ್ತಿಗೆ ಜೋಡಿಸಬೇಡಿ. ಧ್ವನಿವರ್ಧಕಕ್ಕಂತೂ ಬೇಡ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿಗೆ ಧ್ವನಿವರ್ಧಕ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿಯೇ 55 ಡೆಸಿಬೆಲ್.

ಇನ್ನು ಹಳೆಯ ಗಂಟೆ. ಹೊಸದಕ್ಕೆ ಮುಂಗಡ ಕೊಡುವ ಮೊದಲು ಅದು ನಿಜವಾಗಿಯೂ ಸೀಳಿದೆಯೇ ನೋಡಿ. ದನಿ ಕೆಡಲು ಬೇರೆ ಕಾರಣಗಳೂ ಇವೆ. ಸುಣ್ಣ-ಬಣ್ಣ ಹೊಡೆಯುವಾಗ ಗಂಟೆಗೂ ಎಣ್ಣೆಬಣ್ಣ ಬಳಿದಿರುತ್ತಾರೆ, ತುಟಿಯ ಮೇಲೆ ಕುಂಕುಮ-ಎಣ್ಣೆ ಗಟ್ಟಿಯಾಗಿ ಕೂತಿರುತ್ತದೆ, ಕೊಂಡಿಯನ್ನು ಬೋಲ್ಟು ಹಾಕಿ ತೊಲೆಗೆ ಬಿಗಿದಿರುತ್ತಾರೆ. ಇವೆಲ್ಲ ಕಂಪನವನ್ನು ಹಿಡಿದು ನಿಲ್ಲಿಸುತ್ತವೆ. ನಾಲಿಗೆಯ ಬಳೆ ಸವೆದರೆ ನಾಲಿಗೆ ಕೆಳಗೆ ಜಗ್ಗಿ, ತುಟಿಯ ದಪ್ಪಭಾಗಕ್ಕೆ ತಾಗದೆ ಅಂಚಿಗೆ ಬಡಿಯುತ್ತದೆ.

ಪರೀಕ್ಷೆ ಹೀಗೆ ಮಾಡಿ. ಗಂಟೆಯನ್ನು ಇಳಿಸಿ, ನಾಲಿಗೆ ಬಿಚ್ಚಿ, ಗಟ್ಟಿ ಹಗ್ಗದಲ್ಲಿ ನೆಲದಿಂದ ಒಂದಡಿ ಮೇಲೆ ತೂಗುಬಿಡಿ. ಹುಣಸೆಹುಳಿ, ಉಪ್ಪು ಹಾಕಿ ತೊಳೆದು, ಹುಳಿ ಉಳಿಯದಂತೆ ನೀರು ಹೊಯ್ದು ಒರೆಸಿ. ಹುಳಿ ಉಳಿದರೆ ಕಿಲುಬು ಕಟ್ಟುತ್ತದೆ. ಆಮೇಲೆ ಮರದ ಕೊಡತಿಯಿಂದ ತುಟಿಯ ಸುತ್ತ ಎಂಟು ಕಡೆ ಮೆಲ್ಲನೆ ತಟ್ಟಿ. ಎಲ್ಲ ಕಡೆ ದನಿ ತುಂಬಿ ಬಂದರೆ ತಪ್ಪು ನಾಲಿಗೆಯದೋ ಕೊಂಡಿಯದೋ ಇರಬೇಕು. ಗರಗರ ಎಂದು ತಟ್ಟನೆ ನಿಂತರೆ ಸೀಳನ್ನು ಹುಡುಕಬೇಕು. ಅನುಮಾನದ ಜಾಗಕ್ಕೆ ಸೀಮೆಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟು ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ತೆಳ್ಳಗೆ ಹಚ್ಚಿ. ಸೀಳಿದ್ದರೆ ಒಳಗಿಳಿದ ಎಣ್ಣೆ ಮತ್ತೆ ಹೊರಗೆ ಜಿನುಗಿ ಬಿಳಿಯ ಮೇಲೆ ಕೂದಲೆಳೆಯಂಥ ಗೆರೆ ಮೂಡುತ್ತದೆ.

ಸೀಳಿಲ್ಲದಿದ್ದರೆ ಹಳೆಯದನ್ನೇ ಉಳಿಸಿಕೊಳ್ಳಿ. ನಾಲಿಗೆ ತಾಗುವ ಜಾಗ ಸವೆದು ಚಪ್ಪಟೆಯಾಗಿದ್ದರೆ ಗಂಟೆಯನ್ನು ಕಾಲು ಸುತ್ತು ತಿರುಗಿಸಿ ತೂಗಿದರೆ ಹೊಸ ಜಾಗ ಸಿಗುತ್ತದೆ. ನಾಲಿಗೆ ಮೆತುಕಬ್ಬಿಣದ್ದಾಗಿರಲಿ, ತೂಕ ಗಂಟೆಯ ನೂರಕ್ಕೆ ನಾಲ್ಕೈದು ಪಾಲು ಸಾಕು. 50 ಕಿಲೋಗೆ ಎರಡು, ಎರಡೂವರೆ ಕಿಲೋ. ಭಾರದ ಉಕ್ಕಿನ ಗುಂಡು ಹಾಕಿದರೆ ದನಿ ಜೋರಾಗುತ್ತದೆ, ಗಂಟೆ ಸೀಳುವುದೂ ಅದರಿಂದಲೇ. ಸರಪಳಿ ಎಳೆದು ನಾಲಿಗೆಯನ್ನು ತುಟಿಗೆ ಒತ್ತಿ ಹಿಡಿಯುವ ಅಭ್ಯಾಸವೂ ಅಷ್ಟೇ ಕೆಟ್ಟದ್ದು: ಕಂಪಿಸುತ್ತಿರುವ ಲೋಹವನ್ನು ಅಡ್ಡಗಟ್ಟಿದಾಗ ಒತ್ತಡವೆಲ್ಲ ಆ ಒಂದು ಬಿಂದುವಿಗೆ ಬೀಳುತ್ತದೆ. ಕಬ್ಬಿಣದ ಕೊಕ್ಕೆಗೂ ಕಂಚಿನ ಕೊಂಡಿಗೂ ನಡುವೆ ದಪ್ಪ ನೈಲಾನಿನ ಪಟ್ಟಿ ಇಡಿ. ಇಲ್ಲದಿದ್ದರೆ ಕೊಂಡಿ ಸವೆಯುತ್ತದೆ, ತೇವವಿದ್ದ ಕಡೆ ಕೊಕ್ಕೆಗೆ ಬೇಗ ತುಕ್ಕು ಹಿಡಿಯುತ್ತದೆ. ಕೆಳಗೆ ಮಕ್ಕಳು ಓಡಾಡುವ ಜಾಗ, ಕೊಕ್ಕೆಯನ್ನು ವರ್ಷಕ್ಕೊಮ್ಮೆ ಏಣಿ ಹಾಕಿ ನೋಡಲೇಬೇಕು. ಗಂಧ-ಕುಂಕುಮವನ್ನು ಗಂಟೆಯ ಭುಜಕ್ಕೆ ಇಡಿ, ತುಟಿಗೆ ಬೇಡ.

ಸೀಳಿದ್ದರೆ ಬೆಸುಗೆಗೆ ದುಡ್ಡು ಹಾಕಬೇಡಿ. ಗೆರೆ ಮುಚ್ಚಬಹುದು, ನಾದ ಬರುವುದಿಲ್ಲ, ಕಾವಿನ ಬಿಗಿತಕ್ಕೆ ಪಕ್ಕದಲ್ಲೇ ಹೊಸ ಸೀಳು ಬಿಡುವುದೂ ಉಂಟು. ಅದನ್ನು ಗುಜರಿಗೂ ಹಾಕಬೇಡಿ. ತಲೆಮಾರುಗಳ ಪೂಜೆ ಕೇಳಿದ ಕಂಚು ಅದು. ಅದನ್ನೇ ಕರಗಿಸಿ ಹೊಸ ಗಂಟೆಗೆ ಸೇರಿಸಿ. ಎರಕ ಗೊತ್ತಿರುವ ಕಂಚುಗಾರರನ್ನು ಹುಡುಕಿ, ನಾಗಮಂಗಲದಲ್ಲಿ ಲೋಹದ ಎರಕದ ಹಳೆಯ ಪರಂಪರೆಯಿದೆ. ಹಳೆಯ ಗಂಟೆಯನ್ನು ಅರ್ಚಕರು ವಿಧಿಪ್ರಕಾರ ಇಳಿಸಿಕೊಟ್ಟ ಮೇಲೆ ಸಮಿತಿಯವರೆದುರು ತೂಗಿ ಬರೆದುಕೊಳ್ಳಿ. ಮರುಕರಗಿಸುವಾಗ ತವರ ಸ್ವಲ್ಪ ಸುಟ್ಟು ಹೋಗುತ್ತದೆ, ಅದನ್ನು ತುಂಬಲು ಹೊಸ ತವರ ಬೇಕು. ತಾಮ್ರ ಕರಗಿದ ಮೇಲೆ ಕೊನೆಯಲ್ಲಿ ತವರ ಹಾಕಿ ಕಲಕಿ ತಡಮಾಡದೆ ಹೊಯ್ಯಬೇಕು. ಅಚ್ಚು ಪೂರ್ತಿ ಒಣಗಿರಬೇಕು: ತೇವವಿದ್ದರೆ ಆವಿ ನುಗ್ಗಿ ಲೋಹದೊಳಗೆ ಗುಳ್ಳೆ ಕೂರುತ್ತದೆ, ಹೊಯ್ಯುವವರ ಮೈಮೇಲೆ ಸಿಡಿಯುವ ಅಪಾಯವೂ ಇದೆ. ಹೊಯ್ದ ಗಂಟೆ ಅಚ್ಚಿನೊಳಗೇ ರಾತ್ರಿಯಿಡೀ ತಣ್ಣಗಾಗಲಿ, ಅವಸರಕ್ಕೆ ನೀರು ಹೊಯ್ಯಕೂಡದು.

ಮುಂಗಡ ಕೊಡುವಾಗ ಲೋಹದ ಪಾಲು, ತೂಕ, ನಾಲಿಗೆಯ ತೂಕ ಇವನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಬಾಕಿ ಹಣವನ್ನು ಗಂಟೆ ತೂಗುಬಿಟ್ಟು, ಎಂಟು ಕಡೆ ತಟ್ಟಿ ಕೇಳಿದ ಮೇಲೆ ಕೊಡಿ. ಊರಿಗೆ ತಂದ ಗಂಟೆಯನ್ನು ಶುದ್ಧಿ, ಪೂಜೆ ಆಗುವವರೆಗೆ ಯಾರೂ ಬಾರಿಸದಂತೆ ನಾಲಿಗೆಯನ್ನು ಬಟ್ಟೆಯಲ್ಲಿ ಸುತ್ತಿಡಿ. ದಿನ, ಮುಹೂರ್ತವನ್ನು ನಿಮ್ಮ ಅರ್ಚಕರೇ ಗೊತ್ತುಮಾಡಲಿ.

— ಸಂಪಾದಕರು